ಸುಂದರವ್ವ ಆರಿಸಿದ ಪಟ

ಗಾಜಿನ ಮೇಲೆ ಹಳೆಯ ಬಟ್ಟೆ ಕಿರ್ರೆನ್ನುತ್ತಿದೆ, ಒರೆಸಿದಷ್ಟೂ ಪಟದೊಳಗಿನ ಹಸಿರು ಬೆಳಗುತ್ತಿದೆ, ಪಟದಂಗಡಿಯ ಗಂಗಾರಾಮ ಹಾ ಎಂದು ಉಸಿರು ಬಿಟ್ಟು ಮತ್ತೆ ಒರೆಸುತ್ತಾನೆ, ಮುಂಬೈಯಿಂದ ಬರಾಕ ತಡಾ ಆತ್ರಿ ಹಾಲಸಿದ್ದಪ್ಪನವರ, ಆದ್ರ ಮಾಲು ನೋಡ್ರಿ, ಬಣ್ಣ ಹ್ಯಾಂಗ ಕುಂತಾವು, ರಾಜರ ಕಾಲದಾಗೂ ಜಮಖಂಡಿಗೆ ಇಂಥಾದು ಬಂದಿಲ್ಲ — ಬಂದಿಲ್ಲ, ಅದಕ್ಕೇ ತಾನೆ ನನ್ನ ಸುಂದರವ್ವ ಇದೇ ಅಂಗಡಿಯಲ್ಲಿ ನಿಂತು, ನಮೂನೆ ಪುಸ್ತಕದ ದೇವರನ್ನೆಲ್ಲ ದಾಟಿ, ಇದರ ಮೇಲೆ ಬೆರಳಿಟ್ಟಳು, ಯಾವುದೋ ಪರದೇಶದ ಗುಡ್ಡ, ಹುಲ್ಲು, ಕುರಿಗಳು, ಹುನ್ನೂರಿನ ಕುರಿಗಾರರ ಮಗಳು, ತುಂಬಿದ ಬಸುರಿ, ಒಂದು ಕೈ ಸೊಂಟದ ಮೇಲೆ, ಅಯ್ಯ, ಇವಕ್ಕ ಮೈತುಂಬ ಎಷ್ಟ ಉಣ್ಣೆ ನೋಡ್ರಿ, ಆ ಊರಾಗ ಚಳಿ ಭಾಳ ಇರಬೇಕು, ಮಂಚದ ಎದರ ಹಾಕೂಣು, ಬಸುರಿದ್ದಾಗ ಛಲೋದು ನೋಡಿದ್ರ ಕೂಸು ಛಲೋ ಆಗತೈತಂತ, ನನ್ನ ಮಾರಿ ನೋಡಿದ್ರ ಆಗೂದಿಲ್ಲೇನ ಎಂದೆ ನಾನು, ಅದಕ್ಕ ಪಟಾ ಕೇಳಾಕತ್ತೇನಿ ಎಂದಳು, ಗಂಗಾರಾಮ ಬಿದ್ದು ಬಿದ್ದು ನಕ್ಕಿದ್ದ, ಈಗಲೂ ನಗುತ್ತಿದ್ದಾನೆ, ಹೆರಿಗಿ ಆತೇನ್ರಿ, ಆತು, ಏನ್ ಕೂಸರಿ, ಹೆಣ್ಣು, ಛಲೋ ಆತು ಬಿಡ್ರಿ, ತಾಯಿ ಮಗಳು ಆರಾಮ ಅದಾರಲ್ರಿ — ಆರಾಮ ಅದಾರ, ಎಂದಿತು ನನ್ನ ಬಾಯಿ, ನಾನಲ್ಲ, ಕೂಸು ಹುಟ್ಟಿದ ದಿನವೇ ಸುಂದರವ್ವನನ್ನು ಮಣ್ಣು ಮಾಡಿ ಬಂದವನು ನಾನು, ಬನಹಟ್ಟಿಯ ನಮ್ಮ ಓಣಿಗೆಲ್ಲ ಗೊತ್ತು, ನಾನು ದುಡಿಯುವ ನೂಲಿನ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು, ಇವನೊಬ್ಬನಿಗೆ ಗೊತ್ತಿಲ್ಲ, ಈ ಕಟ್ಟಿಗೆ ಪುಡಿಯ, ಅಂಟಿನ ವಾಸನೆಯಲ್ಲಿ ಅವಳು ಇನ್ನೂ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಬೆಚ್ಚಗೆ ಮಲಗಿದ್ದಾಳೆ, ನಾನು ಹೊರಗೆ ಕಾಲಿಟ್ಟರೆ ಸತ್ತುಹೋಗುತ್ತಾಳೆ — ಗಂಗಾರಾಮ, ಕಟ್ಟಿನ ಈ ಮೂಲಿ ಸಡ್ಲ ಅನಸತೈತಿ ನೋಡಪಾ, ಇಲ್ರಿ, ಗಟ್ಟಿ ಐತಿ, ಇನ್ನೊಂದು ಮೊಳಿ ಹೊಡಿ, ಹೊಡೆದ, ಗಾಜು ಇನ್ನೊಮ್ಮಿ ಒರಸು, ಒರೆಸಿದ, ಇನ್ನೇನು ಕೇಳಲಿ, ಅವನೇ ಹೇಳಿದ, ಬಾಣಂತನ ಮುಗದ ಮ್ಯಾಲ ಅಕ್ಕಾರನ್ನ ಕರಕೊಂಡ ಬರ್ರಿ, ಅವರಿಗೆ ಹಿಡಿಸ್ತೋ ಇಲ್ಲೋ ಅವರ ಬಾಯಿಲೇ ಕೇಳಬೇಕು, ಆಗಲಿ, ಕರಕೊಂಡ ಬರತೇನಿ, ಹೊರಗೆ ಬಿಸಿಲು.

ಬನಹಟ್ಟಿಯ ಬಸ್ಸು ಕುಲುಕುತ್ತದೆ, ಪಟ ತೊಡೆಯ ಮೇಲೆ, ತಗ್ಗು ಬಂದಾಗಲೆಲ್ಲ ಎದೆಗೆ ಒತ್ತಿಕೊಳ್ಳುತ್ತೇನೆ, ಪಕ್ಕದ ಮುದುಕಿ ಸರಿದು ಜಾಗ ಬಿಡುತ್ತಾಳೆ, ಜ್ವಾಕಿ ತಮ್ಮಾ, ಒಡದೀತು, ಹ್ಞೂಂ ಬೇ — ಸುಂದರವ್ವನೂ ಹೆರಿಗೆ ನೋವಿನಲ್ಲಿ ಹೀಗೇ ನನ್ನ ಕೈ ಒತ್ತಿ ಹಿಡಿದಿದ್ದಳು, ಪಟಾ ಬಂತೇನ್ರಿ, ನಾಳೆ ಬರತೈತಿ ಸುಂದ್ರಾ, ನಾಳೆ — ಮನೆಯ ಹೊಸ್ತಿಲಲ್ಲಿ ಅವಳ ತಾಯಿ ಲಗಮವ್ವ, ನನ್ನ ಸೋದರತ್ತೆ, ಮಗಳನ್ನು ಕೊಟ್ಟು ಮಗಳ ಕೂಸನ್ನು ಹಿಡಿದು ಕುಳಿತವಳು, ಹುಟ್ಟಿದಾಗಿಂದ ಇದನ್ನ ಒಮ್ಮಿನೂ ಮುಟ್ಟಿಲ್ಲ, ಪಟಾ ಅವುಚಿಕೊಂಡ ಬಂದಿಯೇನೋ ಯಪ್ಪಾ, ಇಡು ಅದನ್ನ, ಆಡಿನ ಹಾಲು ಕಾಸಬೇಕು, ಹಿಡಿ ಇದನ್ನ — ಪಟವನ್ನು ಗೋಡೆಗೆ ಒರಗಿಸಿದೆ, ತೋಳು ಖಾಲಿಯಾದ ಕೂಡಲೇ ಅವಳು ಕೂಸನ್ನು ಇಟ್ಟೇಬಿಟ್ಟಳು, ಇಷ್ಟು ಹಗುರವೇ, ಇಷ್ಟು ಬಿಸಿಯೇ, ತಲೆ ಹೊರಳಿಸುತ್ತಿದೆ, ಮೂಗಿನಿಂದ ನನ್ನ ಅಂಗಿಯನ್ನು ತಡಕಾಡುತ್ತಿದೆ, ಇಲ್ಲ ನನ್ನವ್ವಾ, ಇಲ್ಲಿ ಏನೂ ಇಲ್ಲ, ಅಂಗಿಯ ಗುಂಡಿ ಸಿಕ್ಕಿತು, ಬಾಯಲ್ಲಿ ಹಿಡಿಯಿತು, ಚೀಪಿತು, ಬಿಟ್ಟಿತು, ಮತ್ತೆ ಹುಡುಕುತ್ತಿದೆ, ಮತ್ತೆ ಗುಂಡಿ, ಮತ್ತೆ ಆ ಬಾಯಿ, ತೆರೆದ ಆ ಸಣ್ಣ ಬಾಯಿ —