ಸ್ಲೇಟಿನ ಮೇಲಿನ ಜಗಳ

ಅರವತ್ತು ದಾಟಿದ ಸುಲೋಚನಮ್ಮ ಅಕ್ಷರ ಕಲಿಯಲು ಹೊರಟಾಗ ಮಗ ರಘುವಿಗೆ ನಗು ತಡೆಯಲಾಗಲಿಲ್ಲ. "ಕಲ್ತು ಯಾವ ಆಫೀಸ್ಗೆ ಹೋಗ್ಬೇಕಮ್ಮ ನೀನು?" ಎಂದ. ಮಧ್ಯಾಹ್ನದ ಹೊತ್ತು ಮಾತಿಗೊಂದು ನರಪಿಳ್ಳೆಯೂ ಇಲ್ಲದೆ ಬೇಸತ್ತು ಹೋಗಿದ್ದೇನೆ ಎಂದು ಮಗನ ಮುಂದೆ ಹೇಗೆ ಹೇಳುವುದು? ಆಕೆ ಸ್ಲೇಟು ಎತ್ತಿಕೊಂಡು ಹೊರಟಳು.

ಬೀರೂರಿನ ಆ ಬೀದಿಯಲ್ಲಿ ಜನರಿಗೇನೂ ಬರವಿರಲಿಲ್ಲ. ಗೋಡೆಯಾಚೆಯೇ ಹಳೆಯ ಗೆಳತಿ ಶಮ್ಶುನ್ನೀಸಾ ಇದ್ದಳು. ಆದರೆ ಎರಡು ವರ್ಷದ ಹಿಂದೆ ಅವಳ ಕೋಳಿ ಬಂದು ಇವಳು ಒಣಹಾಕಿದ್ದ ಸಂಡಿಗೆಯನ್ನೆಲ್ಲ ಕೆದರಿ ತಿಂದಿತು. ಇವಳು ಪೊರಕೆ ಬೀಸಿದಳು, ಕೋಳಿ ಕುಂಟಿತು. ಸಾಯುವವರೆಗೂ ಬಾಯಿಬಿಟ್ಟು ಮಾತಾಡಿಸುವುದಿಲ್ಲ ಎಂದು ಇಬ್ಬರೂ ಬೀದಿಗೆಲ್ಲ ಕೇಳುವಂತೆ ಆಣೆ ಮಾಡಿಬಿಟ್ಟರು. ಹಾಳು ಆಣೆ! ಮುರಿಯಲು ಇಬ್ಬರಿಗೂ ಆಸೆ, ತಾನೇ ಮೊದಲು ಮುರಿಯಬಾರದೆಂದು ಇಬ್ಬರಿಗೂ ಹಟ.

ದೊಡ್ಡವರಿಗೆ ಅಕ್ಷರ ಕಲಿಸುವ ಕ್ಲಾಸಿಗೆ ಹೋದರೆ ಅಲ್ಲೂ ಶಮ್ಶುನ್ನೀಸಾ! ಕಲಿಸುವ ಹುಡುಗಿ ಶ್ರುತಿಗೆ ಕೋಳಿಯ ಕಥೆ ಗೊತ್ತಿಲ್ಲ, ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದಳು. ತಿಂಗಳುಗಟ್ಟಲೆ ಒಬ್ಬಳು ಕಿಟಕಿ ನೋಡಿದಳು, ಇನ್ನೊಬ್ಬಳು ಬಾಗಿಲು ನೋಡಿದಳು. ಹಾಗೇ ಕಾಗುಣಿತವೂ ಮುಗಿಯಿತು.

ಒಂದು ದಿನ ಶ್ರುತಿ, "ಇವತ್ತು ಮನಸ್ಸಿಗೆ ಬಂದಿದ್ದು ಬರೀರಿ. ಪಕ್ಕದೋರ್ಗೆ ಸ್ಲೇಟ್ ಕೊಡಿ, ಅವ್ರು ಓದ್ಲಿ," ಎಂದಳು.

ಸುಲೋಚನಮ್ಮನ ಮನಸ್ಸಿಗೆ ಇನ್ನೇನು ಬಂದೀತು? 'ನಿನ್ನ ಕೋಳಿ ನನ್ನ ಸಂಡಿಗೆ ತಿಂದಿತು' ಎಂದು ಬರೆದು ಸ್ಲೇಟು ತಳ್ಳಿದಳು.

ಶಮ್ಶುನ್ನೀಸಾ ಬೆರಳಿಟ್ಟು ಓದಿದಳು. ಮೂಗು ಕೆಂಪಾಯಿತು. ಕೆಳಗೆ ಬರೆದಳು: 'ಉಪ್ಪು ಜಾಸ್ತಿ. ಕೋಳಿ ದಿನವೆಲ್ಲ ನೀರು ಕುಡಿಯಿತು.'

ಸುಲೋಚನಮ್ಮ ತುಟಿ ಕಚ್ಚಿ ನಗು ನುಂಗಿದಳು. ಆಗಲೇ ಹೊಳೆದದ್ದು: ಆಣೆ ಮಾಡಿದ್ದು ಬಾಯಿಬಿಟ್ಟು ಮಾತಾಡಿಸುವುದಿಲ್ಲ ಎಂದು ತಾನೇ? ಬರೆಯುವುದಿಲ್ಲ ಎಂದಲ್ಲವಲ್ಲ!

'ಕಾಲು ಹೇಗಿದೆ?' ಎಂದು ಬರೆದಳು.

'ಕುಂಟುತ್ತದೆ. ಮೊಟ್ಟೆ ಇಡುತ್ತದೆ.'

ಸುಲೋಚನಮ್ಮ ಮತ್ತೆ ಬಳಪ ತೆಗೆದುಕೊಂಡಳು. ಬಾಯಲ್ಲಿ ಹೇಳಬೇಕಿದ್ದರೆ ಈ ಮಾತು ಗಂಟಲು ದಾಟುತ್ತಿರಲಿಲ್ಲ. 'ನಾನು ಹೊಡೆಯಬಾರದಿತ್ತು' ಎಂದು ಬರೆದಳು.

ಶಮ್ಶುನ್ನೀಸಾ ಅದನ್ನು ಮತ್ತೆ ಮತ್ತೆ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ಲೇಟು ಒರೆಸಲು ಮಾತ್ರ ಅವಳಿಗೆ ಮನಸ್ಸಾಗಲಿಲ್ಲ, ಹಾಗೇ ಮನೆಗೆ ಒಯ್ದಳು.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದ ರಘುವಿಗೆ ಅಡುಗೆಮನೆ ಖಾಲಿ ಕಂಡಿತು. ಹಿತ್ತಿಲಲ್ಲಿ ಅಮ್ಮ ಸ್ಟೂಲು ಹತ್ತಿ ಗೋಡೆಯಾಚೆಗೆ ಇನ್ನೊಂದು ಸ್ಲೇಟು ಇಳಿಬಿಟ್ಟು, ಒಬ್ಬಳೇ ಕಿಸಿಕಿಸಿ ನಗುತ್ತಿದ್ದಳು.

"ಏನಮ್ಮಾ ಇದು? ಊಟ ಎಲ್ಲಿ?"

"ಇರೋ, ಶಮ್ಶು ಇನ್ನೂ ಬರೀತಿದ್ದಾಳೆ," ಎಂದಳು ಸುಲೋಚನಮ್ಮ. "ಎರಡು ವರ್ಷದ್ದು ಬಾಕಿ ಐತೆ ಕಣೋ."