ನೀರಿನ ಕಡೆಯಿಂದ ತೆಗೆದ ಫೋಟೊ

ನಲವತ್ತು ದಾಟಿದ ಮೇಲೆ ಕನ್ನಡಕದಂಗಡಿಯಾಕೆಗೆ ಬಣ್ಣದ ಹುಚ್ಚು ಹಿಡಿಯಿತು. ಪ್ರತಿ ಭಾನುವಾರ ಬೆಳಗ್ಗೆ ಪಕ್ಕದ ಬೀದಿಯ ಡ್ರಾಯಿಂಗ್ ಮೇಷ್ಟ್ರ ಮನೆಗೆ ಜಲವರ್ಣ ಕಲಿಯಲು ಹೋಗತೊಡಗಿದಳು.

"ಊರವರಿಗೆಲ್ಲ ಕಣ್ಣು ಕಾಣಿಸೋ ಹಾಗೆ ಮಾಡಿದ್ದಾಯ್ತು, ಈಗ ನೀನೇ ನೋಡೋಕೆ ಹೊರಟೆಯಾ?" ಅಂತ ಗಂಡ ಗೇಲಿ ಮಾಡಿದ.

ಮೇಷ್ಟ್ರದು ಒಂದೇ ಹಟ. "ಕ್ಯಾಲೆಂಡರ್ ಚಿತ್ರ ತರಬೇಡಮ್ಮ. ನೀನೇ ನಿಂತು ತೆಗೆದ ಫೋಟೊ ತಾ. ಅಲ್ಲಿನ ಗಾಳಿ ನಿನ್ನ ಮೈಗೆ ತಾಗಿರಬೇಕು."

ಹಾಗಾಗಿ ಗಂಡನ ಜೊತೆ ಕೆರೆಗೆ ಹೋಗಿದ್ದಾಗ ತೆಗೆದ ಫೋಟೊ ತಂದಳು. ಕಾಗದ ಒದ್ದೆ ಮಾಡಿ ಆಕಾಶಕ್ಕೆ ತೆಳುನೀಲಿ ಹರಿಸಿದಳು, ಕೈ ಕುದುರುತ್ತಿತ್ತು. ನೋಡಿದವರ ಕಣ್ಣಿನ ಮಟ್ಟ ಎಲ್ಲಿದೆ ಅಂತ ತಿಳಿಯಲು ಮೇಷ್ಟ್ರು ಫೋಟೊದ ಮೇಲೆ ಅಳತೆಪಟ್ಟಿಯನ್ನು ಅಡ್ಡ ಇಟ್ಟು ನೋಡಿದರು.

"ಎಲ್ಲಿ ನಿಂತು ತೆಗೆದೆ?"

"ದಡದಲ್ಲಿ ಸರ್. ಮುರಿದ ಕಲ್ಲುಬೆಂಚಿನ ಹತ್ತಿರ."

"ಬೆಂಚು ಎದುರಿಗೇ ಇದೆಯಲ್ಲಮ್ಮ. ದೋಣೀಲಿ ಕೂತಿದ್ರೂ ಕಣ್ಣು ಇಷ್ಟು ಕೆಳಗೆ ಬರಲ್ಲ. ಇದು ಕತ್ತಿನವರೆಗೆ ನೀರಲ್ಲಿದ್ದವರು ನೋಡಿದ ಹಾಗಿದೆ."

ಫೋಟೊದಲ್ಲಿ ಬೆಂಚಿನ ಪಕ್ಕ ಏನೋ ಇತ್ತು. ಅದು ಕಂಬ ಅಂದುಕೊಂಡಿದ್ದಳು. ಬಗ್ಗಿ ನೋಡಿದರೆ ಹಳದಿ ಬಟ್ಟೆ, ಮುಖದ ಮುಂದೆ ಎತ್ತಿದ ಕೈ. ಆ ದಿನ ಅವಳು ಉಟ್ಟಿದ್ದದ್ದು ಹಳದಿ ಸೀರೆ.

ಈ ಫೋಟೊ ತೆಗೆದದ್ದು ಯಾರು ಅಂತ ಮನೆಗೆ ಬಂದು ಗಂಡನನ್ನು ಕೇಳಿದಳು. "ಫೋನು ನಿನ್ನ ಕೈಯಲ್ಲೇ ಇತ್ತಲ್ಲೇ. ನಾನು ಕಾರಿಂದ ಚೀಲ ತರೋಕೆ ಹೋಗಿದ್ದೆ" ಅಂದ. ಆಮೇಲೆ ಅವನು ಗೇಲಿ ಮಾಡಲಿಲ್ಲ.

ಅನುಮಾನ ಬಗೆಹರಿಯಲಿ ಅಂತ ಇಬ್ಬರೂ ಮತ್ತೆ ಕೆರೆಗೆ ಹೋದರು. ಚುರುಗುಟ್ಟುವ ಬಿಸಿಲು, ಒಂದು ಹಕ್ಕಿಯ ಸದ್ದೂ ಇಲ್ಲ. ಅವಳು ಬೆಂಚಿಗೆ ಆತು ನಿಂತು, ಆಚೆ ದಡದ ಜೊಂಡನ್ನು ಒಂದು ಫೋಟೊ ತೆಗೆದಳು. ಸರಿಯಾಗೇ ಬಂತು. ಜೀವ ಬಂದಂತಾಯಿತು. ಇರಲಿ ಅಂತ ಇನ್ನೊಂದು ತೆಗೆದಳು.

ಅದರಲ್ಲಿ ಜೊಂಡಿರಲಿಲ್ಲ. ಮುರಿದ ಬೆಂಚಿತ್ತು, ಪಕ್ಕದಲ್ಲಿ ಗಂಡ ಒಬ್ಬನೇ ಬಾಯಿ ತೆರೆದು ಕೂಗುತ್ತಿದ್ದ. ನಾನೆಲ್ಲಿ ಅಂತ ಹುಡುಕುವಷ್ಟರಲ್ಲಿ ಕಾಲಿಗೆ ತಣ್ಣಗೆ ಕೊರೆಯಿತು. ಬಗ್ಗಿ ನೋಡಿದರೆ ಸೊಂಟದವರೆಗೆ ನೀರು.

ಗಂಡ ಧುಮುಕಿ, ರಟ್ಟೆ ಹಿಡಿದು ದಡಕ್ಕೆ ಎಳೆದು ತಂದ. ಕಾರಿನಲ್ಲಿ ಕೂತಾಗಲೂ ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

ಅವಳು ಚಿತ್ರ ಬಿಡಲಿಲ್ಲ. ಈಗ ಕಿಟಕಿಯಿಂದ ಕಾಣುವ ಮಾಳಿಗೆ, ಗೋಡೆ, ಬೀದಿಯ ಇಳಿಜಾರು ಬರೆಯುತ್ತಾಳೆ. ಫೋಟೊ ತಾ ಅಂತ ಮೇಷ್ಟ್ರೂ ಕೇಳುವುದಿಲ್ಲ.

ಗಂಡ ಮಾತ್ರ ಒಂದು ಮಾತನ್ನು ಬಹಳ ದಿನ ನುಂಗಿಕೊಂಡಿದ್ದ. ಒಂದು ಸಂಜೆ ಅವಳು ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದಾಗ ಹೇಳಿಯೇಬಿಟ್ಟ.

"ಅವತ್ತು ನೀನು ನಡೆದುಕೊಂಡು ಕೆರೆಯೊಳಗೆ ಹೋಗ್ತಾ ಇದ್ದೆಯಲ್ಲ, ನೀರು ಒಂಚೂರೂ ಅಲುಗಲಿಲ್ಲ ಕಣೇ."

ಅವಳು ಪಾತ್ರೆಯ ನೀರಿನಿಂದ ಮೆಲ್ಲಗೆ ಕೈ ಹೊರಗೆ ತೆಗೆದಳು.