ಕರುವಿನ ದೂರಿಗೆ ರಾಜನ ತೀರ್ಪು

ಮಾತಿನಲ್ಲಿ ನನ್ನನ್ನು ಸೋಲಿಸಿದವರು ಉಡುಪಿ ಸೀಮೆಯಲ್ಲಿ ಕಡಿಮೆ. ಜಂಬವಲ್ಲ, ತಾಳಮದ್ದಳೆಯ ಸಂಘಟಕರೇ ಹೇಳುವುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳಾದ ನಾವು ಶಾಲು ಹೊದ್ದು ಕುಳಿತು, ಪಾತ್ರವೇ ಆಗಿ, ಆ ಕ್ಷಣಕ್ಕೆ ಹೊಳೆದದ್ದನ್ನು ಮಾತಾಡುತ್ತೇವೆ. ಎದುರಿನವರು ಏನು ಕೇಳುತ್ತಾರೋ ಗೊತ್ತಿರುವುದಿಲ್ಲ. ಉತ್ತರ ಮಾತ್ರ ಕೊಡಲೇಬೇಕು. ಈ ವಿದ್ಯೆಯನ್ನು ನನಗೆ ಕಲಿಸಿದವರು ಯಜ್ಞನಾರಾಯಣರು. ಅವರ ಅರ್ಥ ಕೇಳಲು ಕಾಪುವಿನಿಂದ ಹಿಡಿದು ಅಜೆಕಾರಿನವರೆಗಿನ ಜನ ಬಸ್ಸು ಹತ್ತಿ ಬರುತ್ತಿದ್ದರು. ಕಳೆದ ಭಾನುವಾರ ಅಂಬಲಪಾಡಿಯಲ್ಲಿ ಅವರ ಮೊದಲ ವರ್ಷದ ಸಂಸ್ಮರಣೆ ನಡೆಯಿತು.

ನಡೆಸಬೇಕೇ ಬೇಡವೇ ಎಂಬ ಗುಸುಗುಸು ಇತ್ತು. ಸಾಯುವುದಕ್ಕೆ ಮೊದಲು ಅವರ ಮೇಲೆ ಪೊಲೀಸ್ ಕೇಸಾಗಿತ್ತು. ಅರ್ಥಗಾರಿಕೆ ಕಲಿಯಲು ಮನೆಗೆ ಬರುತ್ತಿದ್ದ ಶಿಷ್ಯೆಯೊಬ್ಬಳ ಮೇಲೆ ಬಲಾತ್ಕಾರ ಮಾಡಿದರೆಂಬ ದೂರು. ಕಾನೂನಿನ ಪ್ರಕಾರ ಅವಳ ಹೆಸರು ಎಲ್ಲೂ ಬರಲಿಲ್ಲ. ವಿಚಾರಣೆ ಶುರುವಾಗುವ ಮೊದಲೇ ಗುರುಗಳು ಹೃದಯಾಘಾತದಿಂದ ತೀರಿಕೊಂಡರು, ಕೇಸೂ ಅಲ್ಲಿಗೇ ಮುಗಿಯಿತು.

"ಸತ್ತವರು ಬಂದು ಉತ್ತರ ಕೊಡ್ಲಿಕ್ಕುಂಟಾ? ಅವರ ಕಲೆಯನ್ನು ನೆನೆಯುವ, ಉಳಿದದ್ದು ನಮಗೆ ಬೇಡ" ಎಂದರು ಸಂಘಟಕ ವಿಜಯೀಂದ್ರ. ನಾನು ತಲೆಯಾಡಿಸಿದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. "ಹೆಸರು ಹೇಳುವ ಧೈರ್ಯ ಇಲ್ಲದವಳ ಮಾತಿಗೆ ಎಂತ ಬೆಲೆ ಮಾರಾಯ್ರೆ?" ಎಂದೂ ಸೇರಿಸಿದೆ. ಒಂದು ಮಾತು ಹೆಚ್ಚಿಗೆ ಆಡುವುದು ನನ್ನ ಚಟ.

ಪ್ರಸಂಗವನ್ನೂ ಹುಷಾರಾಗಿಯೇ ಆರಿಸಿದೆವು. ಹೆಣ್ಣಿನ ಕಣ್ಣೀರಿನ ಕಥೆಗಳನ್ನೆಲ್ಲ ಬದಿಗಿಟ್ಟು, ಗುರುಗಳೇ ಬರೆದ ನಗೆಯ ಪ್ರಸಂಗವೊಂದನ್ನು ಹಿಡಿದೆವು. ರಾಜಗುರು ತನ್ನ ಕರುವನ್ನು ಕದ್ದರೆಂದು ಗೊಲ್ಲತಿಯೊಬ್ಬಳು ಆಸ್ಥಾನಕ್ಕೆ ದೂರು ತರುತ್ತಾಳೆ. ರಾಜ ಅವಳನ್ನು ಮಾತಿನಲ್ಲೇ ಕಟ್ಟಿಹಾಕುತ್ತಾನೆ. ಕೊನೆಗೆ ಅವಳು ಕ್ಷಮೆ ಕೇಳುವ ಪದ್ಯ, ರಾಜ ಕ್ಷಮಿಸುವ ಮಾತು, ಮಂಗಳ. ರಾಜನ ಪಾತ್ರ ಗುರುಗಳದಾಗಿತ್ತು, ಈಗ ನನ್ನದು. ರಾಜಗುರುವಾಗಿ ನಮ್ಮ ಹಿರಿಯರಾದ ಮುದ್ದಣ್ಣ. ಗೊಲ್ಲತಿಯಾಗಿ ಕಾರ್ಕಳದ ಶಾಲೆಯೊಂದರ ಟೀಚರ್ ಸಂಹಿತಾ. ಅವಳೂ ಗುರುಗಳ ಶಿಷ್ಯೆಯೇ. ಫೋನು ಮಾಡಿದ ಕೂಡಲೇ ಒಪ್ಪಿಕೊಂಡಳಂತೆ. ಗುರುಭಕ್ತಿ ಎಂದುಕೊಂಡೆವು.

ವೇದಿಕೆ ಹತ್ತುವ ಮೊದಲು ಅವಳು ನನ್ನ ಹತ್ತಿರ ಬಂದಳು.

"ನಂದನಣ್ಣ, ಕೊನೆಯ ಕ್ಷಮೆಯ ಪದ್ಯ ಬಿಡುವನಾ? ನಾನು ಕೇಳುವುದು ಅದೊಂದೇ."

"ಎಂತಕ್ಕೆ?"

"ಕರು ಹೋದದ್ದು ಗೊಲ್ಲತಿಯದ್ದಲ್ವಾ? ಅವಳು ಯಾಕೆ ಕ್ಷಮೆ ಕೇಳಬೇಕು?"

"ಗುರುಗಳು ಹಾಕಿಕೊಟ್ಟ ಕ್ರಮ ಮಾರಾಯ್ತಿ. ಅವರ ನೆನಪಿನ ದಿನವೇ ಅದನ್ನು ತಪ್ಪಿಸುವುದಾ?"

ಅವಳು ಶಾಲು ಸರಿಪಡಿಸಿಕೊಂಡು ವೇದಿಕೆಯತ್ತ ನಡೆದಳು.

ಶುರುವಿಗೆ ಸಭೆ ಚೆನ್ನಾಗಿ ನಕ್ಕಿತು. ಅವಳ ಗೊಲ್ಲತಿ ರಾಜನ ಮೀಸೆಯನ್ನೂ ಬಿಡಲಿಲ್ಲ. ಆಮೇಲೆ ಅವಳ ದನಿ ತಗ್ಗಿತು.

"ಪ್ರಭು, ಆ ಮನೆಯ ಮುಂದೆ ಊರೇ ಕೈಮುಗಿಯುತ್ತಿತ್ತು. ಅದನ್ನು ನಂಬಿ ನನ್ನ ಕರುವನ್ನು ನಾನೇ ಒಳಗೆ ಬಿಟ್ಟೆ. ಬಾಗಿಲು ಮುಚ್ಚಿತು. ಕರು ಕೂಗಿದ್ದು ಜಗಲಿಯಲ್ಲಿದ್ದ ಶಿಷ್ಯರಿಗೆ ಕೇಳಿಸಲಿಲ್ಲವೇ?"

"ಸಾಕ್ಷಿ ಎಲ್ಲಿ?" ಎಂದೆ.

"ಕರುವೇ ಸಾಕ್ಷಿ."

"ಭಲೇ! ನಿನ್ನ ಊರಿನಲ್ಲಿ ಕರುಗಳೂ ಮಾತಾಡುತ್ತವೆಯೇ?"

ಚಪ್ಪಾಳೆ ಬಿತ್ತು. ಅವಳು ಅಲುಗಲಿಲ್ಲ. "ಮಾತಾಡಿದರೆ, ಹೆಸರೇನು ಎಂದು ಕೇಳುತ್ತೀರಿ. ಹೆಸರು ಹೇಳಿದರೆ, ಊರಿನಲ್ಲಿ ಬಾಳಗೊಡುವುದಿಲ್ಲ."

ಇದಕ್ಕೆ ಸಭೆ ನಗಲಿಲ್ಲ. ಕಾರ್ಕಳದ ಟೀಚರೊಬ್ಬಳ ಎದುರು, ಗುರುಗಳ ಹಾರ ಹಾಕಿದ ಫೋಟೋದ ಎದುರು, ನಾನು ಸೋಲುವುದೇ? ಸಿಟ್ಟು ನೆತ್ತಿಗೇರಿತು, ದನಿ ಏರಿಸಿದೆ.

"ಎಲೌ ಗೊಲ್ಲತಿ! ಗುರುಗಳು ಬದುಕಿದ್ದಾಗ ಬಾಯಿ ಹೊಲಿದುಕೊಂಡಿದ್ದೆಯಾ? ಅವರು ಸ್ವರ್ಗಸ್ಥರಾದ ಮೇಲೆ, ಉತ್ತರ ಕೊಡಲು ಅವರಿಲ್ಲದ ಹೊತ್ತಿಗೆ, ದೂರು ತರುತ್ತೀಯಾ?"

ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ವಿಜಯೀಂದ್ರರು ಎದ್ದು ನಿಂತೇ ತಟ್ಟಿದರು. ಸಂಹಿತಾ ಅದು ಪೂರ್ತಿ ಮುಗಿಯುವವರೆಗೆ ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಪ್ರಭು, ರಾಜಗುರುಗಳು ನಿಮ್ಮ ಪಕ್ಕದಲ್ಲೇ ಕುಳಿತಿದ್ದಾರಲ್ಲ. ಸತ್ತವರು ಯಾರು?"

ನಾನು ಪಕ್ಕಕ್ಕೆ ನೋಡಿದೆ. ಮುದ್ದಣ್ಣ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಪ್ರಸಂಗದಲ್ಲಿ ರಾಜಗುರು ಸಾಯುವುದೇ ಇಲ್ಲ. ಅವಳ ದೂರಿನಲ್ಲಿ ಅಲ್ಲಿಯವರೆಗೆ ಕರುವಿನ ಮಾತೊಂದು ಬಿಟ್ಟು ಬೇರೇನೂ ಇರಲಿಲ್ಲ. ಸತ್ತವರನ್ನು ಆಸ್ಥಾನಕ್ಕೆ ಎಳೆದು ತಂದವನು ನಾನು. ಯಾವ ಗುರು, ಯಾವ ಕರು ಎಂದು ನನ್ನ ನಾಲಿಗೆಗೆ ಗೊತ್ತಿತ್ತು. ಆ ಹೆಸರಿಲ್ಲದ ಹುಡುಗಿ ಶಾಲು ಹೊದ್ದು ನನ್ನ ಎದುರೇ ಕುಳಿತಿದ್ದಳು. ಅವಳು ದೂರು ಕೊಟ್ಟದ್ದು ಗುರುಗಳು ಬದುಕಿದ್ದಾಗಲೇ ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ನಾಚಿಕೆಯಾಯಿತು.

ಉತ್ತರ ಹೊಳೆಯಲಿಲ್ಲ. ಮುಂದಿನ ಸಾಲುಗಳಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಭಾಗವತರು ಗಾಬರಿಯಾಗಿ, ಹೇಗಾದರೂ ದಡ ಮುಟ್ಟಿಸುವ ಎಂದು, ಕ್ಷಮೆಯ ಪದ್ಯವನ್ನೇ ಎತ್ತಿಕೊಂಡರು. ಮದ್ದಳೆ ಸೇರಿತು. ಸಭೆ ಹಾಯಾಗಿ ಉಸಿರು ಬಿಟ್ಟಿತು.

ಸಂಹಿತಾ ನನ್ನನ್ನು ನೋಡಿದಳು. ರಾಜನ ಪಾತ್ರಧಾರಿ ಕೈ ಎತ್ತಿದರೆ ಭಾಗವತರು ನಿಲ್ಲಿಸುತ್ತಾರೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನನ್ನ ಕೈ ತೊಡೆಯ ಮೇಲಿತ್ತು. ಎತ್ತಿದರೆ ಜನ ಯಾಕೆಂದು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ. ಅಷ್ಟು ಲೆಕ್ಕ ಹಾಕುವಷ್ಟರಲ್ಲಿ ಪದ್ಯ ಮುಗಿಯಿತು.

ಅವಳು ಕೈಮುಗಿದಳು. ನನಗಲ್ಲ, ಸಭೆಗೆ.

"ತಪ್ಪಾಯಿತು. ಇಲ್ಲಿ ನ್ಯಾಯ ಕೇಳಿದ್ದು ನನ್ನ ತಪ್ಪಾಯಿತು."

ಆ ದಿನದ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆ ಮಾತಿಗೆ. ಎಂಥ ಅಭಿನಯ ಎಂದು ಯಾರೋ ಕೂಗಿದರು. ಎಲ್ಲರೂ ನನ್ನತ್ತ ತಿರುಗಿದರು. ಇನ್ನುಳಿದದ್ದು ರಾಜನ ಒಂದೇ ಮಾತು, ಅದು ಆಗದೆ ಮಂಗಳ ಹಾಡುವಂತಿಲ್ಲ.

"ಕ್ಷಮಿಸಿದ್ದೇನೆ, ಹೋಗು" ಎಂದೆ. ದನಿ ಸ್ವಲ್ಪವೂ ನಡುಗಲಿಲ್ಲ.